ಕೌದಿಯ ಹೊಟ್ಟೆ

ಹೊಳೆಯ ದಂಡೆಗೊಂದು ಸಣ್ಣ ಮಠ. ಒಂದು ಪಡಸಾಲೆ, ಒಂದು ಬೇವಿನ ಮರ, ನೀರಿನ ಹರವಿ. ಅಷ್ಟೇ ಅದರ ಸಿರಿ.

ಅಲ್ಲಿ ಸಂಗವ್ವತಾಯಿ ಅಂತ ಒಬ್ಬ ಮುದುಕಿ ಇದ್ದಳು. ಹಳೆ ಸೀರೆಗಳನ್ನು ಪದರು ಪದರಾಗಿ ಹಾಸಿ ಕೌದಿ ಹೊಲಿಯುತ್ತಾ ಕೂತಿರುತ್ತಿದ್ದಳು. ಯಾರಾದರೂ ಏನಾದರೂ ಕೇಳಿದರೆ ಒಂದು ಮಾತು, ಅದೂ ಮನಸ್ಸಿದ್ದರೆ.

ಪೇಟೆಯಲ್ಲಿ ರೊಟ್ಟಿ ಖಾನಾವಳಿ ನಡೆಸುವ ಕಾಶವ್ವ ಅವಳ ಶಿಷ್ಯೆ. ಶಿಷ್ಯೆ ಅಂದರೆ ಎಂಥವಳು? ಸೋಮವಾರ ಬಂದು, ಕಾಲಿಗೆ ಬಿದ್ದು, ಕೂಡುವ ಮೊದಲೇ ಏಳುವವಳು.

ಒಂದು ಸೋಮವಾರ ಕಾಲಿಗೆ ಬಿದ್ದವಳು ಏಳಲೇ ಇಲ್ಲ.

"ಸಾಕಾಗೇತ್ರಿ, ತಾಯಿ."

"ಯಾವುದು?"

"ಯಾವುದಂತ ಹೇಳಲಿ? ನಸುಕಿನ್ಯಾಗ ಎದ್ದು ಹಿಟ್ಟು ನಾದತೀನಿ. ಅತ್ತೆವ್ವಗ ಗುಳಿಗಿ, ಗಂಡಗ ಡಬ್ಬಿ. ಆಮ್ಯಾಲ ಖಾನಾವಳಿ. ಮದುವಿ ಇರಲಿ, ಕುಬಸ ಇರಲಿ, ಎಲ್ಲಾರಿಗೂ ನನ್ನ ರೊಟ್ಟೀನ ಬೇಕು. ತಂಗಿ ಫೋನ್ ಮಾಡಿದ್ರ ಆಮ್ಯಾಲ ಮಾತಾಡ್ತೀನಿ ಅಂತೀನಿ. ಆ ಆಮ್ಯಾಲ ಅನ್ನೂದು ಬರೂದ ಇಲ್ಲ."

"ಹೂಂ."

"ಒಂದು ಮಂತ್ರ ಕೊಡ್ರಿ. ದಿನ ಒಂದೀಟು ಉದ್ದ ಆಗೂವಂಥಾದ್ದು."

ಸಂಗವ್ವ ಬೊಚ್ಚುಬಾಯಿ ತೆರೆದು ನಕ್ಕಳು.

"ಉದ್ದ ಆದ್ರ ಅದರಾಗೂ ರೊಟ್ಟೀನ ಬಡೀತಿ ನೀ."

ಕಾಶವ್ವ ನಗಲಿಲ್ಲ. ನೆಲ ನೋಡುತ್ತಾ ಹೇಳಿದಳು.

"ನನ್ನ ಮಗಳು ಸುಗಲಾ ದೊಡ್ಡಾಕಿ ಆದ್ಲು, ತಾಯಿ. ಮೊದಲು ಹೇಳಿದ್ದು ಎದುರು ಮನಿ ಶಾಂತಕ್ಕಗ. ಹೆತ್ತಾಕಿಗೆ ತಿಳಿದದ್ದು ಶಾಂತಕ್ಕ ಬಾಯಿಗೆ ಸಕ್ರಿ ಹಾಕಿದಾಗ."

"ಯಾಕ ಹೇಳಲಿಲ್ಲಂತ?"

"ಕೇಳಿದೆ. 'ನೀ ಯಾವಾಗ ಕೂಡತಿ ಅಂತ ನೋಡಾಕತ್ತಿದ್ನೆವ್ವಾ' ಅಂದ್ಲು. ಸಿಟ್ಟಿಲೆ ಅಂದಿದ್ರ ತಡಕೋತಿದ್ದೆ. ಆಕಿಗೆ ಸಿಟ್ಟೂ ಇಲ್ಲ. ಈಗ ನನ್ನ ಏನೂ ಕೇಳೂದೂ ಇಲ್ಲ. ಸಣ್ಣಾಕಿ ಇದ್ದಾಗ ನನ್ನ ಸೆರಗಿನ್ಯಾಗ ಕೈ ತುರುಕಿದ್ರನ ಆಕಿಗೆ ನಿದ್ದಿ ಬರತಿತ್ತು. ಆ ಹುಡುಗಿ ನನ್ನ ಕೈ ಬಿಟ್ಟು ಹೊಂಟಾಳ."

ಸಂಗವ್ವ ದಾರಕ್ಕೆ ಗಂಟು ಹಾಕಿದಳು.

"ನಿನ್ನ ಹಳೆ ಸೀರಿ ಅದಾವೇನು?"

"ಅದಾವ್ರಿ."

"ಆಕಿಗೊಂದು ಕೌದಿ ಹೊಲಿ."

"ಮತ್ತ ಖಾನಾವಳಿ? ಬಿಟ್ಟುಬಿಡ್ಲೇನು?"

"ಬಿಡು ಅಂದ್ನೇನು ನಾ? ಅಲ್ಲಿ ದುಡಿಯೂ ಹೆಣ್ಣಮಕ್ಕಳ ಮನಿ ಒಲಿ ನೀ ಬಿಟ್ರ ಯಾರು ಹಚ್ಚತಾರ? ಕೌದಿ ಹೊಲಿ ಅಂದೆ."

ಕಾಶವ್ವ ಹೊಲಿದಳು. ಹೇಗೆ ಹೊಲಿದಳು ಅಂತ ಕೇಳಬೇಡಿ. ಒಲೆಗೂ ಬಾಗಿಲಿಗೂ ನಡುವೆ ಕೂತು, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು, ಅತ್ತೆಯ ಕೂಗಿಗೆ ಓಗೊಡುತ್ತಾ ಹೊಲಿದಳು. ಮಗಳು ಪಕ್ಕದಲ್ಲಿ ಬಂದು ನಿಂತರೆ, "ತಡಿ, ನಿಂದ ಕೌದಿ ಹೊಲ್ಯಾಕತ್ತೀನಿ" ಅಂತ ಆಚೆ ಕಳಿಸಿ ಹೊಲಿದಳು.

ಬೇರೆಯವರಿಗೆ ಎಷ್ಟೋ ದಿನ ಹಿಡಿಯುವ ಕೆಲಸ ಅವಳ ಕೈಯಲ್ಲಿ ಬೇಗನೆ ಮುಗಿಯಿತು.

ಮುಂದೊಂದು ಸೋಮವಾರ ಕೌದಿಯನ್ನು ಹೆಗಲ ಮೇಲೆ ಹಾಕಿಕೊಂಡು, ಮಗಳನ್ನೂ ಕರೆದುಕೊಂಡು ಮಠಕ್ಕೆ ಬಂದಳು. ಸುಗಲಾ ಸಂಗವ್ವತಾಯಿಗೆ ನಮಸ್ಕಾರ ಮಾಡಿ, ದೂರ ಹೊಳೆಯ ಮೆಟ್ಟಿಲ ಮೇಲೆ ಹೋಗಿ ಕೂತಳು.

"ಮುಗಿಸೀನ್ರಿ," ಅಂದಳು ಕಾಶವ್ವ. "ಲಗೂನ ಒಮ್ಮೆ ನೋಡಿಬಿಡ್ರಿ. ಸಂಜಿಗೆ ಒಂದು ನಿಶ್ಚಯದ ಊಟ ಐತಿ, ಹೋಗಬೇಕು."

ಸಂಗವ್ವ ಕೌದಿ ಹಾಸಿ, ಅಂಗೈಯಿಂದ ಸವರಿದಳು. ಮೂಲೆಗೆ ಬಂದು ಕೈ ನಿಲ್ಲಿಸಿದಳು.

"ಹೊಟ್ಟಿ ತುಂಬಿಲ್ಲಲ್ಲ ಇದರದು?"

ಕಾಶವ್ವ ಹಣೆ ಹಣೆ ಬಡಿದುಕೊಂಡಳು.

ಆ ಸೀಮೆಯಲ್ಲಿ ಹಾಗೊಂದು ಪದ್ಧತಿ. ಕೊನೆಯ ಮೂಲೆ ಮುಚ್ಚುವ ಮೊದಲು ಕೌದಿಯ ಒಳಗೆ ಒಂದು ಚೂರು ರೊಟ್ಟಿ ಇಡಬೇಕು. ಅದನ್ನು ಹೊದ್ದವರು ಹಸಿದು ಮಲಗಬಾರದು ಅಂತ.

"ಊರಿಗೆಲ್ಲಾ ರೊಟ್ಟಿ ಬಡಿಯಾಕಿ, ಮಗಳ ಕೌದಿಗೆ ಒಂದು ಚೂರು ಇಡಾಕ ಮರತೆ!"

ಹಲ್ಲಿನಿಂದ ದಾರ ಕಚ್ಚಿ ಮೂಲೆ ಬಿಚ್ಚಿದಳು. ಮಠಕ್ಕೆಂದು ತಂದಿದ್ದ ರೊಟ್ಟಿಯ ಗಂಟಿಗೆ ಕೈ ಹಾಕಿದಳು.

"ಹಂಗಲ್ಲ," ಅಂದಳು ಸಂಗವ್ವ. "ಹೊಲಿದಾಕಿ ತಾ ಉಣ್ಣೂ ರೊಟ್ಟಿಯೊಳಗಿಂದು ಮುರದು ಇಡಬೇಕು. ಉಂಡೀಯೇನು ಇವತ್ತು?"

"ಆಮ್ಯಾಲ ಉಣತೀನ್ರಿ."

"ನಿನ್ನೆ ಕುಂತು ಉಂಡಿದ್ದೇನು?"

ಕಾಶವ್ವ ಗಂಟಿನಿಂದ ಕೈ ಹಿಂದಕ್ಕೆ ತೆಗೆದಳು.

"ಇರಲಿ. ರೊಟ್ಟಿ ಜೋಡಿ ಏನು ಬೇಕು ನಿನಗ? ನಿನಗ ಯಾವುದು ಸೇರತೈತಿ?"

ಕಾಶವ್ವ ಬಾಯಿ ತೆರೆದಳು. ಅತ್ತೆಗೆ ಯಾವುದು ಸೇರುತ್ತದೆ, ಗೊತ್ತಿತ್ತು. ಗಂಡನಿಗೆ, ತಂಗಿಗೆ, ಖಾನಾವಳಿಗೆ ಬರುವ ಕಂಡಕ್ಟರುಗಳಿಗೆ ಯಾವುದು ಸೇರುತ್ತದೆ, ಅದೂ ಗೊತ್ತಿತ್ತು. ತನಗೆ ಯಾವುದು? ಮುದುಕಿಯ ಮುಖವನ್ನೇ ನೋಡುತ್ತಾ ಕೂತಳು. ಕಣ್ಣಲ್ಲಿ ನೀರು ಬಂತು.

"ಅಗಸಿ ಹಿಂಡಿ," ಅಂತ ಮೆಟ್ಟಿಲ ಕಡೆಯಿಂದ ದನಿ ಬಂತು.

ಸುಗಲಾ ತಿರುಗಿರಲಿಲ್ಲ. ಹೊಳೆಗೆ ಹೇಳಿದಂತೆ ಹೇಳಿದಳು.

"ಅವ್ವಗ ಅಗಸಿ ಹಿಂಡಿ ಅಂದ್ರ ಜೀವ. ಮ್ಯಾಲೊಂದೀಟು ಎಣ್ಣಿ ಇರಬೇಕು."

"ಬಾರವಾ ಇಲ್ಲಿ," ಅಂತ ಸಂಗವ್ವ ಕರೆದಳು. "ಒಳಗ ಗ್ವಾಡಿ ಮಾಡದಾಗ ಅಗಸಿ ಹಿಂಡಿ ಐತಿ, ತಗೊಂಬಾ. ನಿಮ್ಮವ್ವಗ ಉಣ್ಣೂದು ಮರತೈತಿ. ಜೋಡಿ ಕುಂತು ಕಲಿಸು."

ಹುಡುಗಿಯ ತುಟಿಯ ಕೊನೆ ಸ್ವಲ್ಪ ಅಲುಗಿತು.

ಬೇವಿನ ನೆರಳಲ್ಲಿ ಅವ್ವ ಮಗಳು ಒಂದೇ ತಾಟಿನಲ್ಲಿ ಉಂಡರು. ಚಟ್ನಿಪುಡಿಯಂಥ ಆ ಹಿಂಡಿಯ ಮೇಲೆ ಎಣ್ಣೆ ಹಾಕಿದವಳು ಸುಗಲಾ. ಕಾಶವ್ವ ರೊಟ್ಟಿ ಮುರಿದು ಮೊದಲ ತುತ್ತು ಬಾಯಿಗಿಟ್ಟಳು. ಇನ್ನೊಂದು ಚೂರನ್ನು ಕೌದಿಯ ಹೊಟ್ಟೆಗಿಟ್ಟಳು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು.

ಸುಗಲಾ ಕೈ ತೊಳೆಯಲು ಎದ್ದಳು. ಊಟ ಮುಗಿಯಿತು ಅಂತ ಅವಳಿಗೆ ಗೊತ್ತು. ಎಷ್ಟು ಸಲ ನೋಡಿದ್ದಳೋ.

ಕಾಶವ್ವ ಎಡಗೈಯಲ್ಲಿ ಫೋನು ಎತ್ತಿದಳು.

"ಹಲೋ. ಹೌದ್ರಿ, ನಾನ. ಈಗ ಆಗೂದಿಲ್ರಿ, ಉಣ್ಣಾಕತ್ತೀನಿ. ಯಾಕಂತೀರಿ? ನಾನೂ ಉಣತೀನ್ರಿ ಅಣ್ಣಾ! ನಿಮ್ಮ ರೊಟ್ಟಿ ಹೊತ್ತಿಗೆ ಬರತಾವ, ಖಾನಾವಳ್ಯಾಗ ದೇವಕ್ಕ ಬಡ್ಯಾಕತ್ಯಾಳ."

ಫೋನನ್ನು ಬೋರಲು ಹಾಕಿದಳು.

ಸುಗಲಾ ನಿಂತೇ ಇದ್ದಳು.

"ಕೂಡವಾ," ಅಂದಳು ಕಾಶವ್ವ. "ನನಗ ಇನ್ನೊಂದು ರೊಟ್ಟಿ ಬೇಕು."

ಹುಡುಗಿ ಕೂತಳು. ಆಮೇಲೆ ತಲೆ ತಗ್ಗಿಸಿ, ತಾಟಿನ ಅಂಚನ್ನು ಒರೆಸುತ್ತಾ ಅಂದಳು:

"ಆವತ್ತು ನನಗ ಭಾಳ ಅಂಜಿಕಿ ಬಂದಿತ್ತವ್ವಾ."

ಕಾಶವ್ವ ರೊಟ್ಟಿ ತಾಟಿಗಿಟ್ಟು ಮಗಳ ಕಡೆ ತಿರುಗಿ ಕೂತಳು. ಏನು ಹೇಳಿದರೂ ಅದು ಮಾತು ಮುಗಿಸಿದಂತೆ ಆಗುತ್ತಿತ್ತು. ಹುಡುಗಿಯೇ ಹೇಳುತ್ತಾ ಹೋದಳು. ಶಾಲೆಯಲ್ಲಿ ಏನಾಯಿತು, ಯಾರು ನಕ್ಕರು, ಶಾಂತಕ್ಕ ಏನು ಕೊಟ್ಟಳು. ಹೇಳುತ್ತಾ ಹೇಳುತ್ತಾ ಕೌದಿಯ ಮೇಲೆ ಒರಗಿದಳು. ಗಾಳಿ ತಂಪಾಗಿತ್ತು. ಕಣ್ಣು ಮುಚ್ಚಿಕೊಂಡವು.

ನಿದ್ದೆಗಣ್ಣಲ್ಲಿ ಅವಳ ಕೈ ತಡಕಾಡಿತು. ಹೊಲಿಯದೆ ಉಳಿದಿದ್ದ ಮೂಲೆ ಸಿಕ್ಕಿತು. ಅವ್ವನ ಹಳೆ ಸೀರೆಗಳ ಪದರಿನೊಳಗೆ, ರೊಟ್ಟಿಯ ಚೂರಿದ್ದ ಕಡೆಗೆ, ಮಣಿಕಟ್ಟಿನ ತನಕ ಇಳಿಯಿತು.

ಬೇವಿನ ನೆರಳು ಆಚೆ ಸರಿಯಿತು. ಖಾನಾವಳಿಯ ನೆನಪಾಗಿ ಕಾಶವ್ವ ಅರ್ಧ ಎದ್ದಳು. ಸೂಜಿಗೆ ದಾರ ಪೋಣಿಸಿದಳು. ಮಗಳ ಕೈ ನೋಡಿದಳು, ದಾರಿ ನೋಡಿದಳು.

"ತಾಯಿ, ಈ ಒಂದು ಮೂಲಿ ಉಳದೈತಿ. ಹೊಲಿದು ಹೋಗಿಬಿಡ್ತಿದ್ದೆ."

ಸಂಗವ್ವ ಕೈ ಚಾಚಿದಳು.

"ಸೂಜಿ ಇಲ್ಲಿ ಕೊಡು. ಆಕಿ ಕೈ ತಗಿಯೂತನಕ ನಿನಗೇನೂ ಕೆಲಸಿಲ್ಲ."