ಎಡೆ ಮುಟ್ಟಿದ ಕಬ್ಬಿಣದ ಕಾಗೆ

ಒಂದಾನೊಂದು ಊರಿನಲ್ಲಿ ಒಬ್ಬ ರಾಜ ಇದ್ದ. ನಾನು ಕಣ್ಣಾರೆ ಕಂಡಿದ್ದೀನಿ, ಆಗ ನಾನಿನ್ನೂ ಹುಟ್ಟಿರಲಿಲ್ಲ. ಆ ರಾಜ ಒಂದು ಗುಟ್ಟಿನ ಯುದ್ಧವಿಮಾನ ಮಾಡಿಸ್ದ. ಎಂಥಾ ಗುಟ್ಟು ಅಂದ್ರೆ, ಮಾಡೋ ಕಮ್ಮಾರನಿಗೂ ಬಾಣಲೆ ಅಂತಲೇ ಹೇಳಿದ್ರು. ಅವನು ಎರಡು ರೆಕ್ಕೆ ಹಚ್ಚಿ, ದೊಡ್ಡ ಬಾಣಲೆ ಅಲ್ವಾ, ಹಿಡಿನೂ ಉದ್ದ ಇರಲಿ ಅಂದ್ಕೊಂಡ.

"ಹೆಸರು ಏನಿಡಾನ?" ಅಂದ ರಾಜ.

"ಕಾಗೆ ಅಂತಿಡಿ ಬುದ್ಧಿ," ಅಂದ ಮಂತ್ರಿ. "ರಾಜ ಕಾಗೆ ಹಾರಿಸ್ತಾವ್ನೆ ಅಂತ ಯಾರಾದ್ರೂ ಅಂದ್ರೆ, ಅದೇನು ಹೊಸದಾ ಅಂತ ಜನ ಸುಮ್ಮನಾಗ್ತಾರೆ."

"ಖರ್ಚು?"

"ಕಾಗೆ ಊಟ ಅಂತ ಬರೆಸಿ."

ಬರೆದ್ರು. ಹದಿನೆಂಟು ಗಾಡಿ ವಡೆ, ಕಾಗೆಗೆ. ನಲವತ್ತು ಕೊಪ್ಪರಿಗೆ ಪಾಯಸ, ಕಾಗೆಗೆ. ಸುದ್ದಿ ಕೇಳಿ ನಿಜವಾದ ಕಾಗೆಗಳು ಅರಮನೆಗೆ ಬಂದು, "ನಮ್ ವಡೆ ಎಲ್ಲಿ?" ಅಂದ್ವು.

"ತಿಂದಾಯ್ತಲ್ಲ, ಇಲ್ಲಿ ಬರೆದದೆ," ಅಂದ ಮಂತ್ರಿ.

ಕಾಗೆಗಳು ಹೊಟ್ಟೆ ಮುಟ್ಟಿ ನೋಡ್ಕೊಂಡ್ವು. ಬರೆದದೆ ಅಂದ್ಮೇಲೆ ತಿಂದಿರಲೇಬೇಕು. "ಇಷ್ಟು ತಿಂದೂ ಹಸೀತದೆ ಅಂದ್ರೆ, ಈ ಊರಿನ ಅನ್ನದಲ್ಲಿ ಸತ್ವ ಇಲ್ಲ ಕಣ್ರಪ್ಪಾ," ಅಂತು ಹಿರೇಕಾಗೆ. ಒಂದೂ ಉಳೀದಂಗೆ ಊರು ಬಿಟ್ವು.

ಅದೇ ಊರಲ್ಲಿ ಚೆಲುವಯ್ಯ ಅಂತ ಒಬ್ಬ ಮುದುಕ. "ರಾಜನ ತಾವ ವಿಮಾನ ಐತೆ, ನಾ ಕಂಡೆ," ಅಂತ ಎಲ್ಲರಿಗೂ ಹೇಳ್ತಿದ್ದ. ಯಾರೂ ನಂಬಲಿಲ್ಲ. ಹೆಂಡತಿ ಮಾಯಮ್ಮನೂ, "ಕಾಗೆ ಹಾರಿಸಿದ್ದು ಸಾಕು, ಉಣ್ಣು ಬಾ," ಅನ್ನೋಳು. ಹಂಗೇ ಒಂದಿನ ಸತ್ತೋದ.

ತಿಥಿ ಬಂತು. ಮಾಯಮ್ಮ ಹಿತ್ತಲಲ್ಲಿ ಎಡೆ ಇಟ್ಲು. ಕಾಗೆ ಮುಟ್ಟಿದ್ರೆ ತಾನೆ ಹೋದೋರಿಗೆ ತೃಪ್ತಿ? ಎಲ್ಲಿದೆ ಕಾಗೆ? ಬಿಸಿಲೇರ್ತು, ಮುದ್ದೆ ಒಣಗ್ತು.

"ಅವನಿಗೇನೋ ಆಸೆ ಉಳ್ಕೊಂಡದೆ," ಅಂದ್ರು ಹಸಿದ ನೆಂಟರು. "ಹೊಗೆಸೊಪ್ಪು ಇಡು." ಇಟ್ಲು. ಇಲ್ಲ. "ಹೆಂಡ ಇಡು." ಇಟ್ಲು. ಅದನ್ನ ಮೈದುನ ಮುಟ್ಟಿದ, ಕಾಗೆ ಮುಟ್ಟಲಿಲ್ಲ.

ಆಗ ಮಾಯಮ್ಮ ಕೈ ಜೋಡಿಸಿ ಮೆಲ್ಲಗಂದ್ಲು. "ಗೊತ್ತಾಯ್ತು ಕಣಯ್ಯಾ. ನೀ ಕಂಡಿದ್ದೆ. ನಾ ನಂಬ್ತೀನಿ. ಕಾ, ಕಾ..."

ಮೋಡದ ಮರೇಲಿದ್ದ ವಿಮಾನಕ್ಕೆ ಕೇಳಿಸ್ತು. ಪಾಪ, ಹುಟ್ಟಿದಾಗಿಂದ ಅದನ್ನ ಕಾಗೆ ಅಂತ ಕರೆದಿದ್ರು, ಊಟ ಅಂತ ಬರೆದಿದ್ರು, ಒಂದು ತುತ್ತು ಹಾಕಿರಲಿಲ್ಲ. ದಡಬಡ ಹಿತ್ತಲಿಗೆ ಇಳೀತು. ಮುದ್ದೆ ತಿಂತು, ವಡೆ ತಿಂತು, ಎಲೆನೂ ತಿಂತು. ಮಾಯಮ್ಮ ಅದರ ಮೂತಿ ಸವರಿ, "ನಿಧಾನ ಮಗಾ, ಗಂಟಲಿಗೆ ಸಿಕ್ಕೊಂಡಾತು," ಅಂದ್ಲು.

ರಾಜ ಪಂಚೆ ಎತ್ಕೊಂಡು ಓಡಿಬಂದ. "ತಾಯಿ, ಯಾರಿಗೂ ಹೇಳ್ಬೇಡ."

"ನಾ ಹೇಳಲ್ಲ ಬುದ್ಧಿ. ನೀವೇ ಹೇಳ್ಬೇಕು. ಒಬ್ಬನಿಗೆ."

ರಾಜ ಯೋಚಿಸ್ದ. ಗುಟ್ಟು ಉಳೀಬೇಕಾದ್ರೆ ಸತ್ತೋನಿಗಿಂತ ನಂಬಿಕಸ್ತ ಇನ್ಯಾರು? ಸಮಾಧಿ ತಾವ ಹೋಗಿ, ಕಿರೀಟ ಪಕ್ಕಕ್ಕಿಟ್ಟು, ಮಣ್ಣಿಗೆ ಬಾಯಿಟ್ಟು ಪಿಸುಗುಟ್ಟಿದ. "ಚೆಲುವಯ್ಯಾ, ನೀ ಕಂಡಿದ್ದು ನಿಜ ಕಣಪ್ಪಾ."

ಒಳಗಿಂದ ಒಂದು ತೇಗು ಬಂತು.

ಇದರ ನೀತಿ ಏನಪ್ಪಾ ಅಂದ್ರೆ, ಯಾರ ಹೆಸರಲ್ಲಿ ಊಟ ಬರೀತೀರೋ ಅವರಿಗೆ ಒಂದು ತುತ್ತಾದ್ರೂ ಹಾಕಿ. ಅವರು ಅಲ್ಲಿ ಉಂಡು ಮಲಗಿದ್ರು, ನಾವು ಇಲ್ಲಿ ಕೇಳಿ ಹಸಿದ್ವಿ.