ಹೆಣ್ಣಿನವರ ಮುಂದೆ ಜಾರಿದ ಅಲೆನ್ ಕೀ

ಕೇಳ್ರಪ್ಪಾ ಮಕ್ಕಳೇ, ನಮ್ಮ ಪೇಟೆಬೀದಿಯ ಹಿಟ್ಟಿನ ಗಿರಣಿ ಕೊಟ್ರೇಶನಿಗೆ ಹೆಣ್ಣು ಕೂಡಿ ಬರುವುದೇ ಕಷ್ಟವಾಗಿತ್ತು. ಆಳೇನೋ ಚೆಲುವ. ಆದರೆ ಜಂಬ! ಬಂದ ಸಂಬಂಧವೆಲ್ಲ ಅವನ ಜಂಬಕ್ಕೇ ಮುರಿದುಹೋಗಿದ್ದವು. ಕೊನೆಗೆ ಪಕ್ಕದೂರಿನ ಪಂಪ್‌ಸೆಟ್ ರಿಪೇರಿ ಉಜ್ಜಿನಪ್ಪನ ಮಗಳು ದಾಕ್ಷಾಯಿಣಿಯನ್ನು ನೋಡಿ ಒಪ್ಪಿ ಬಂದ. ಇನ್ನು ಅವರು ಗಂಡಿನ ಮನೆ ನೋಡಿ ಹೂಂ ಅನ್ನಬೇಕು, ಅಷ್ಟೇ ಬಾಕಿ. "ಇದೂ ತಪ್ಪಿದರೆ ನಾನು ಮಠ ಸೇರ್ತೀನಿ" ಎಂದು ತಾಯಿ ಹಾಲಮ್ಮ ಕಂಡಕಂಡವರ ಹತ್ತಿರ ಗೋಳಾಡಿದ್ದಳು.

ಮನೆ ನೋಡುವ ದಿನ ಅಪ್ಪನ ಜೊತೆ ಹುಡುಗಿಯೂ ಮನೆಗೆ ಅಂಟಿದ ಗಿರಣಿಗೆ ಬಂದುಬಿಟ್ಟಳು! ಎಲ್ಲಾದರೂ ಉಂಟೇ? ಬೀದಿಯ ಹೆಂಗಸರೆಲ್ಲ ಬೀಸಿಸುವ ನೆಪ ಮಾಡಿ ಡಬ್ಬಿ ಹಿಡಿದು ಗಿರಣಿಗೆ ಓಡಿದರು. ಅದರಲ್ಲಿ ಅರ್ಧಕ್ಕರ್ಧ ಡಬ್ಬಿಗಳು ಖಾಲಿ!

ಕೊಟ್ರೇಶ ಮೀಸೆ ತೀಡಿ ಸ್ವಿಚ್ ಹಾಕಿದ. ಮೋಟರು ಗುಂಯ್ ಅಂತು, ಗಿರಣಿ ಮಾತ್ರ ಅಲುಗಲಿಲ್ಲ. ಬೆಲ್ಟು ಸುತ್ತುವ ಗಾಲಿ, ಅದೇ ಪುಲ್ಲಿಯನ್ನು ಗಿರಣಿಯ ಶಾಫ್ಟಿಗೆ ಬಿಗಿಯುವ ಎರಡೂ ಸ್ಕ್ರೂ ಸಡಿಲವಾಗಿ, ಪುಲ್ಲಿ ತಾನೊಂದೇ ತಿರುಗುತ್ತಿತ್ತು.

"ಇದೇನು ಮಹಾ!" ಎಂದು ಸ್ವಿಚ್ ಆರಿಸಿ, ಪಳಪಳ ಹೊಳೆಯುವ ಅಲೆನ್ ಕೀ ಸೆಟ್ಟು ಬಿಚ್ಚಿದ. "ಫಾರಿನ್ ಮಾಲು ಮಾವ! ಇದರಲ್ಲೇ ಮುಖ ನೋಡ್ಕೊಂಡು ಕ್ರಾಪ್ ತೆಗೀಬಹುದು."

ಫಾರಿನ್ನಂತೆ ಫಾರಿನ್ನು! ಬಸ್‌ಸ್ಟ್ಯಾಂಡಿನ ತಳ್ಳುಗಾಡಿಯಲ್ಲಿ, ಬಾಚಣಿಗೆ ಹೇರ್‌ಪಿನ್ನುಗಳ ಪಕ್ಕದಿಂದ ಆರಿಸಿಕೊಂಡದ್ದನ್ನು ಅರ್ಧ ಊರೇ ನೋಡಿತ್ತು.

ಆ ಸ್ಕ್ರೂಗಳ ತಲೆಯಲ್ಲಿ ಆರು ಮೂಲೆಯ ತೂತು ಇರುತ್ತದೆ. ಅಷ್ಟೇ ಮೂಲೆಯ ಕೀ ಅದರೊಳಗೆ ಪೂರಾ ಇಳಿಯಬೇಕು. ಇಳಿಯುವುದು ಹೇಗೆ? ಆಯುಧಪೂಜೆಯ ದಿನ ಹಾಲಮ್ಮನಿಗೆ ಭಕ್ತಿ ಉಕ್ಕಿ ಮೆತ್ತಿದ ಕುಂಕುಮ, ಎಣ್ಣೆ ಹಿಟ್ಟಿನ ಜೊತೆ ಸೇರಿ ತೂತಿನಲ್ಲಿ ಕಲ್ಲಾಗಿ ಕೂತಿತ್ತು! ಕೀಯ ತುದಿ ಮಾತ್ರ ಒಳಗೆ ಹೋಯಿತು. ಇವನು ಅದಕ್ಕೆ ಪೈಪು ಸಿಕ್ಕಿಸಿ ಹುಂಬನಂತೆ ಜಗ್ಗಿದ. ಕರ್ರ್! ಕೀ ಜಾರಿತು. ಕೊಟ್ರೇಶ ಜೋಳದ ಚೀಲದ ಮೇಲೆ ಬೋರಲು ಬಿದ್ದ. ತೂತಿನ ಮೂಲೆಗಳೆಲ್ಲ ಸವೆದು ಗುಂಡಗಾದವು. ಫಾರಿನ್ ಕೀ ದೀಪದ ಬತ್ತಿಯ ಹಾಗೆ ಹೊಸೆದುಕೊಂಡಿತ್ತು.

ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಇವನು ಸೆಟ್ಟಿನಿಂದ ಅಳತೆಗೆ ಹತ್ತಿರದ ಇನ್ನೊಂದು ಕೀ ಎಳೆದು ಎರಡನೇ ಸ್ಕ್ರೂಗೆ ಕೈ ಹಾಕಿದ.

"ತಡೀರಿ!" ಎಂದಳು ದಾಕ್ಷಾಯಿಣಿ. "ಆ ಕೀ ಮೆತ್ತನೆ ಕಬ್ಬಿಣ. ತೂತಲ್ಲೂ ಕುಂಕುಮ ತುಂಬೈತಿ. ಉಳಿದಿರೋ ಒಂದನ್ನೂ ಕೆಡಿಸಬ್ಯಾಡ್ರಿ."

"ಅಯ್ಯೋ ಶಿವನೇ!" ಹಾಲಮ್ಮ ಎದೆ ಬಡಿದುಕೊಂಡಳು. "ಇನ್ನೂ ತಾಂಬೂಲವೇ ಆಗಿಲ್ಲ, ಆಗಲೇ ಗಂಡಿಗೆ ಬುದ್ಧಿ ಹೇಳೋದಾ?"

ಉಜ್ಜಿನಪ್ಪ ಎದ್ದು ಟವೆಲು ಕೊಡವಿದ. "ನಡಿಯವ್ವ, ಬಸ್ಸಿಗೆ ಹೊತ್ತಾತು."

ಕೊಟ್ರೇಶನ ಮುಖ ಕೆಂಪೇರಿತು. ತಿರುಚಿದ ಕೀ ನೋಡಿದ, ಹುಡುಗಿಯನ್ನು ನೋಡಿದ. ಸೆಟ್ಟನ್ನು ಅಲ್ಲೇ ಎಸೆದು, ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿದ!

"ಗಂಡು ಓಡಿಹೋಯ್ತು!" ಎಂದು ಯಾರೋ ಕೂಗಿದರು. ಸುದ್ದಿಗೆ ಕಾಲು ಬಂತು ನೋಡಿ! ಬೀದಿಯ ತುದಿಯಲ್ಲಿ ಅವನು ಲಾರಿ ಹತ್ತಿದ್ದ, ಮುಂದಿನ ಬೀದಿಯಲ್ಲಿ ಆಗಲೇ ಸನ್ಯಾಸಿಯಾಗಿದ್ದ. ಹಾಲಮ್ಮ ಅಳಲು ಶುರು ಮಾಡಿದಳು.

ದಾಕ್ಷಾಯಿಣಿ ಮಾತ್ರ ಕದಲಲಿಲ್ಲ. "ಕೂಡಪ್ಪಾ. ಅವರು ಓಡಿದ್ದು ಕಬ್ಬಿಣದಂಗಡಿ ಕಡೆಗೆ."

ಹೌದು ಮತ್ತೆ! ಏದುಸಿರು ಬಿಡುತ್ತ ಬಂದ. ಕೈಯಲ್ಲಿ ಒಂದೇ ಒಂದು ಕರ್ರನೆಯ ಕೀ. ಹೊಳಪಿಲ್ಲ, ಆದರೆ ಅಂಚುಗಳು ಚೂಪು, ಮೈಮೇಲೆ ಅಳತೆ ಅಚ್ಚೊತ್ತಿದೆ. ಆ ಜಂಬದ ಕೋಳಿ ತಲೆ ತಗ್ಗಿಸಿ ಹುಡುಗಿಯನ್ನು ಕೇಳಿದ: "ಒಂದು ಪಿನ್ನು ಕೊಡ್ತೀರಾ?"

ಅವಳು ಸೆರಗಿನ ಪಿನ್ನು ಬಿಚ್ಚಿ ಕೊಟ್ಟಳು. ಎಲ್ಲರ ಎದುರಿಗೇ! ಕೊಟ್ರೇಶ ಕುಂಕುಮ ಕೆರೆದು ಊದಿದ. ಕೀಯನ್ನು ತಳ ಮುಟ್ಟುವವರೆಗೆ ಒತ್ತಿದ. ಅದು ಚೂರೂ ಅಲ್ಲಾಡಲಿಲ್ಲ. ಪೈಪಿಲ್ಲದೆ, ಕೈಯಿಂದಲೇ ನಿಧಾನವಾಗಿ ತಿರುಗಿಸಿದ. ಸ್ಕ್ರೂ ಕಚ್ಚಿಕೊಂಡಿತು. ಸ್ವಿಚ್ ಹಾಕಿದರೆ ಗಿರಣಿ ಘರ್ರೆಂದು ತಿರುಗಿತು!

ಅವನು ತಕ್ಷಣ ಸ್ವಿಚ್ ಆರಿಸಿದ. "ಇನ್ನೊಂದನ್ನು ನಾನೇ ಕೆಡಿಸಿದೆ ಮಾವ. ಲೇತ್ ವರ್ಕ್‌ಶಾಪಿನವರ ಹತ್ತಿರ ತೆಗೆಸಿ ಹೊಸದು ಹಾಕೋವರೆಗೂ ಬೀಸಲ್ಲ."

ಉಜ್ಜಿನಪ್ಪ ಮಗಳ ಕಡೆ ತಿರುಗಿದ. "ಏನವ್ವಾ, ಹೊಸ ಕೀ ಕಂಡು ಮನಸ್ಸು ಬದಲಾತೇನು?"

"ಕೀ ಯಾರು ಬೇಕಾದರೂ ತರ್ತಾರಪ್ಪಾ. ಜಾರಿದ ಮೇಲೆ ಕೈ ನಿಲ್ಲಿಸಿದರಲ್ಲ, ಅದಕ್ಕೆ ಹೂಂ ಅಂತೀನಿ."

ಹಾಲಮ್ಮ ಕಣ್ಣೊರೆಸಿಕೊಂಡು ಸಕ್ಕರೆ ಹಂಚಲು ಎದ್ದಳು. "ನನ್ನ ಸೊಸೆ ಜಾಣೆ ಅಂತ ನನಗೆ ಮೊದಲೇ ಗೊತ್ತಿತ್ತು!"

ಅಬ್ಬಾ, ಏನು ನಾಲಿಗೆಯೋ!

ನೀತಿ: ಉಪಕರಣವನ್ನು ಹೊಳಪು ನೋಡಿ ಕೊಳ್ಳಬೇಡಿ, ಗಟ್ಟಿತನ ಮತ್ತು ಅಳತೆ ನೋಡಿ ಕೊಳ್ಳಿ. ತೂತು ಚೊಕ್ಕಟ ಮಾಡಿ, ಕೀಯನ್ನು ತಳ ಮುಟ್ಟಿಸಿ, ಆಮೇಲೆ ತಿರುಗಿಸಿ. ಒಮ್ಮೆ ಜಾರಿತೋ, ಜಂಬ ಬಿಟ್ಟು ಕೈ ನಿಲ್ಲಿಸಿ, ಉಳಿದದ್ದಾದರೂ ಉಳಿಯುತ್ತದೆ.