ಸೊನ್ನೆ ತೋರಿದ ಎರಡು ಪದರ

ಶಿಷ್ಯ ಕೇಳಿದ: "ಗುರುಗಳೇ, ಪ್ರಯೋಗಾಲಯದಲ್ಲಿ ನಾನೂ ಪಂಚಾಕ್ಷರಿಯೂ ಒಂದೇ ಕೆಲಸಕ್ಕೆ ಕೂತಿದ್ದೇವೆ. ಕೈಗೆ ಏನೂ ಹತ್ತುತ್ತಿಲ್ಲ. ನಾನು ಸೋಮಾರಿಯಲ್ಲ, ನಿಮಗೇ ಗೊತ್ತು. ಅಂದಮೇಲೆ ತೊಡಕು ಅವನೇ. ಅವನನ್ನು ಬೇರೆ ಕಡೆ ಕಳಿಸಬಾರದೇ?"

ಗುರುಗಳು "ಕೂತುಕೋ" ಎಂದು ಕತೆ ಹೇಳಿದರು.

ಒಬ್ಬ ಸಂಶೋಧಕನಿದ್ದ. ಎಲೆಕ್ಟ್ರಾನಿಗೆ ಸ್ಪಿನ್ ಎಂಬ ಗುಣವಿದೆ. ಅದು ಪುಟ್ಟ ಆಯಸ್ಕಾಂತದ ಹಾಗೆ ಮೇಲಕ್ಕೋ ಕೆಳಕ್ಕೋ ಮುಖ ಮಾಡಿರುತ್ತದೆ. ಆ ಮುಖವನ್ನೇ ನಂಬಿ ನೆನಪಿಡುವ ಸಾಧನ ಕಟ್ಟಬೇಕೆಂದು ಅವನ ಹಟ. ಯೌವನವೆಲ್ಲ ಅದಕ್ಕೇ ಹೋಗಿತ್ತು.

ಕಾಂತೀಯ ಹರಳಿಗೆ ಅಂಟುಪಟ್ಟಿ ಒತ್ತಿ ಎತ್ತುವುದು, ಎತ್ತಿದ್ದನ್ನು ಮತ್ತೆ ಸೀಳುವುದು. ಪರಮಾಣುವಿನಷ್ಟು ತೆಳುವಾದ ಪದರ ಸಿಗುವುದು ಹಾಗೆ. ಗಾಳಿ ತಾಗಿದರೆ ಅದು ಕರಗಿಹೋಗುತ್ತದೆ. ಆದ್ದರಿಂದ ಮುಚ್ಚಿದ ಗಾಜಿನ ಪೆಟ್ಟಿಗೆಯೊಳಗೆ ಕೈಗವಸು ತೂರಿಸಿ ಮಾಡಬೇಕು.

ಕೊನೆಗೆ ಒಂದು ಒಳ್ಳೆಯ ಚೂರು ಸಿಕ್ಕಿತು. ಒಂದರ ಮೇಲೊಂದು ಎರಡೇ ಪದರ. ಹರಳು ಅಲ್ಲಿಗೆ ಮುಗಿದಿತ್ತು.

ಕಡುಚಳಿಗೆ ಇಳಿಸಿ ಅಳೆದ. ಕಾಂತತ್ವ ಸೊನ್ನೆ.

'ಒಂದು ಕೆಟ್ಟಿದೆ, ಇನ್ನೊಂದನ್ನೂ ಕೆಡಿಸುತ್ತಿದೆ' ಎಂದುಕೊಂಡ. ಮೇಲಿನದನ್ನು ಪಟ್ಟಿಯಿಂದ ಎತ್ತಿ, ಕೆಳಗಿನದನ್ನು ಅಳೆದ. ಕಾಂತತ್ವ ಇತ್ತು. ಸರಿ, ಕೆಟ್ಟದ್ದು ಮೇಲಿನದೇ. ಪಟ್ಟಿಸಮೇತ ಪೆಟ್ಟಿಗೆಯ ಹೊರಗೆ ಎಸೆದ. ಸ್ವಲ್ಪ ಹೊತ್ತಿಗೆ ಅಲ್ಲಿ ಒದ್ದೆ ಗುರುತು ಮಾತ್ರ ಉಳಿಯಿತು.

ಪಕ್ಕದ ಮೇಜಿನ ಹಿರಿಯ ಸಂಶೋಧಕಿ ಕೇಳಿದಳು: "ಎಸೆದದ್ದನ್ನು ಅಳೆದೆಯೇನಪ್ಪ?"

"ಕೆಟ್ಟದ್ದನ್ನು ಅಳೆಯುವುದೇನು?"

"ಕೆಟ್ಟಿದೆ ಎಂದು ಹೇಳಿದವರು ಯಾರು? ಅದರ ಕೆಳಗೆ ಕೂತಿದ್ದದ್ದೋ? ಎರಡೂ ಚೆನ್ನಾಗಿದ್ದವು. ಈ ಹರಳಿನ ಜೋಡಿ ಪದರಗಳ ಸ್ವಭಾವವೇ ಹಾಗೆ, ಒಂದರ ಮುಖ ಮೇಲಕ್ಕಿತ್ತು, ಇನ್ನೊಂದರದು ಕೆಳಕ್ಕೆ. ಕೂಡಿದರೆ ಸೊನ್ನೆ. ಹೊರಗಿಂದ ಬಲವಾದ ಆಯಸ್ಕಾಂತ ಹಿಡಿದಿದ್ದರೆ ಎರಡೂ ಒಂದೇ ಕಡೆ ತಿರುಗುತ್ತಿದ್ದವು. ಹಾಗೆ ತಿರುಗಿದಾಗ ವಿದ್ಯುತ್ ಸಲೀಸಾಗಿ ದಾಟುತ್ತದೆ, ಎದುರುಬದುರಾದಾಗ ಅದಕ್ಕೆ ತಡೆಯಾಗುತ್ತದೆ. ದಾಟಿದರೆ 'ಹೌದು', ತಡೆದರೆ 'ಇಲ್ಲ', ನೆನಪಿಡಲು ಅಷ್ಟು ಸಾಕು. ನೀನು ಹುಡುಕುತ್ತಿದ್ದ ಸಾಧನ ಅದೇ ಅಲ್ಲವೇ?"

ಅವನ ಕೈಯಲ್ಲಿ ಒಂದು ಪದರ ಉಳಿಯಿತು. ಒಳ್ಳೆಯ ಪದರ. ಅದೊಂದರಿಂದ ಅವನ ಸಾಧನ ಆಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತುಸು ಯೋಚಿಸಿ ಹೇಳಿದ: "ನನಗೇನೋ ಅರ್ಥವಾಯಿತು, ಗುರುಗಳೇ. ಆದರೆ ಪಂಚಾಕ್ಷರಿಗೆ ಇದೆಲ್ಲ ಅರ್ಥವಾಗುವುದಿಲ್ಲ."

ಗುರುಗಳು ಎಂದರು: "ನಿನ್ನೆ ಅವನೂ ಅಲ್ಲೇ ಕೂತು, ಇದೇ ಕತೆ ಕೇಳಿ, ನಿನ್ನ ಬಗ್ಗೆ ಇದೇ ಮಾತು ಹೇಳಿ ಎದ್ದುಹೋದ."